ಮುಚ್ಚಿದ ಹುಲ್ಲಿನ ಮೇಲೆ ಗಾಲಿಯ ಗುರುತು

ಮರ್ರಾಕೆಶ್
೧೮ ಮೇ ೧೯೯೮

ಮಗಳೇ ಇಜ್ಜಾ,

ನಿನ್ನ ಸೋದರಮಾವ ಬೂಜ್ಮಾ ಬದುಕಿದ್ದಾನೆ; ಸೊಂಟವೊಂದನ್ನು ಬಿಟ್ಟರೆ ಉಳಿದ ಭಾಗಗಳೆಲ್ಲ ಓಡುತ್ತಿವೆ. ಉನಾಸರನ ವ್ಯಾನಿನ ತಲೆಯ ಮೇಲೆ ಒಂದು ಸೈಕಲ್ ಬರುತ್ತಿದೆ. ಎರಡು ಮೂಟೆ ಈರುಳ್ಳಿ ಮತ್ತು ಯಾರದೋ ಮದುವೆಯ ಹಾಸಿಗೆಯ ನಡುವೆ ಕಟ್ಟಿಸಿದ್ದೇನೆ. ಇಳಿಸಿಕೊಂಡ ಕೂಡಲೇ ಮುಂದಿನ ಗಾಲಿ ತಿರುಗಿಸಿ ನೋಡು. ಅಲುಗಾಡಿದರೆ ಉನಾಸರನಿಗೆ ಅಲ್ಲೇ ಬೈಯಿ. ನಾನು ಇಲ್ಲಿ ಬೈದು ಕಳಿಸಿದ್ದು ದಾರಿಯಲ್ಲೇ ಖರ್ಚಾಗಿರುತ್ತದೆ.

ನಿನ್ನ ಹೆಸರು ಬರೆಸಿದ್ದೇನೆ. ಜುಲೈ ಐದನೆಯ ತಾರೀಖು, ಮೂರು ಕಣಿವೆಗಳ ಓಟ. ಸಂತೆಯೂರಿನಿಂದ ಹೊರಟು ಬೆಟ್ಟಗಳನ್ನು ಸುತ್ತಿ ಮತ್ತೆ ಸಂತೆಯೂರಿಗೇ ಬರುವುದು, ಒಂದೇ ದಿನದಲ್ಲಿ. ನಮ್ಮ ದೇಶದ ಹೆಂಗಸರಲ್ಲಿ ಮೊದಲು ಬಂದವಳಿಗೆ ರಾಷ್ಟ್ರೀಯ ತಂಡದಲ್ಲಿ ಜಾಗ. ಎರಡನೆಯವಳಿಗೆ ಹೂಗುಚ್ಛ. ಹೂವು ನಿಮ್ಮಲ್ಲಿ ಕತ್ತೆ ಮೇಯುವಷ್ಟಿದೆ, ಅದಕ್ಕಾಗಿ ನೀನು ಬೆವರುವುದು ಬೇಡ.

ಹೋದ ವರ್ಷ ನನ್ನ ಅಂಗಡಿಯಿಂದ ಬಾಡಿಗೆಗೆ ಪಡೆದ ಪ್ರವಾಸಿಗಳ ಸೈಕಲ್ಲೊಂದನ್ನು ಕಸಿದುಕೊಂಡು, ಲಂಗ ಮೇಲಕ್ಕೆ ಕಟ್ಟಿ, ಆ ಆರು ಜನ ಜರ್ಮನರಿಗಿಂತ ಮುಂಚೆ ಕಣಿವೆಯ ಬಾಯಿ ಸೇರಿದ್ದೆಯಲ್ಲ, ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಒಳ್ಳೆಯ ಸರಕನ್ನು ಗೋದಾಮಿನಲ್ಲಿ ಕೊಳೆಯಲು ಬಿಟ್ಟವನ ಸಂಕಟ ಅದು. ನಿನಗೆ ಪೈಪೋಟಿ ಕಾಸಾಬ್ಲಾಂಕಾದ ಲಮ್ಯಾ ಎನ್ನುವವಳು. ಅವಳಿಗೆ ತರಬೇತುದಾರನಿದ್ದಾನೆ, ಎದೆಗೆ ಕಟ್ಟಿಕೊಂಡರೆ ಗುಂಡಿಗೆಯ ಬಡಿತ ಎಣಿಸುವ ಪಟ್ಟಿಯಿದೆ. ಇಲ್ಲದ್ದು ಒಂದೇ, ಎತ್ತರದ ಗಾಳಿ. ಅದು ನಿನ್ನ ಹಿತ್ತಲಲ್ಲೇ ಇದೆ. ಅದಕ್ಕೇ ಹೇಳುತ್ತೇನೆ, ಕೆಳಗಿನ ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯಬೇಡ. ಮೇಲೆ ಹೋಗು. ಎಷ್ಟು ಮೇಲೆ ಸಾಧ್ಯವೋ ಅಷ್ಟು.

ಫೋನು ಸಂತೆಯೂರಿನ ಅಂಚೆಮನೆಯಲ್ಲಿ ಒಂದೇ ಇದೆ, ಅದರಲ್ಲಿ ಮಾತಾಡಿದ್ದು ಊರಿಗೆಲ್ಲ ಕೇಳುತ್ತದೆ. ಆದ್ದರಿಂದ ಕಾಗದ ಬರೆ, ಉನಾಸರ್ ತರುತ್ತಾನೆ.

ಕೊನೆಗೊಂದು ಸಣ್ಣ ಪ್ರಶ್ನೆ. ಹಿಮ ಕರಗಿದಾಗಿನಿಂದ ಮೇಲಿನ ಹುಲ್ಲನ್ನು ಮುಚ್ಚಿಟ್ಟು, ಒಂದೇ ದಿನ ಊರಿನ ಎಲ್ಲ ಕುರಿಗಳಿಗೂ ಬಿಡುತ್ತೀರಲ್ಲ, ಆ ಅಗ್ದಾಲ್ ಈಗಲೂ ಜೂನ್ ಇಪ್ಪತ್ತೆಂಟಕ್ಕೇ ತೆರೆಯುತ್ತದೆಯೇ? ಸುಮ್ಮನೆ ಕೇಳಿದೆ. ವಯಸ್ಸಾಯಿತು, ಊರು ನೆನಪಾಗುತ್ತದೆ.

ನಿನ್ನ ಮಾವ
ಬೂಜ್ಮಾ


ಇಮಿಂತಾಲಾ
೨೪ ಮೇ

ಮಾವ,

ಸೈಕಲ್ ಬಂತು. ಗಾಲಿ ಅಲುಗಾಡಲಿಲ್ಲ, ಆದರೂ ಉನಾಸರನಿಗೆ ಬೈದೆ. "ನಿಮ್ಮ ವಂಶಕ್ಕೇ ಬಾಯಿ ಬಿಟ್ರೆ ಬೇರೆ ಆಸ್ತಿ ಇಲ್ಲ ಬಿಡಮ್ಮ" ಅಂದ. ವಾಸನೆ ಮಾತ್ರ ಈರುಳ್ಳಿಯದು, ಇನ್ನೂ ಹೋಗಿಲ್ಲ.

ನೀರಿನ ಹತ್ತಿರ ಹೆಂಗಸರು ನಗುತ್ತಾರೆ. "ಏನೇ ಇಜ್ಜಾ, ಕತ್ತೆ ಮಾರಿ ಕಬ್ಬಿಣ ಕೊಂಡ್ಯಾ?" ಅಂದರು. "ಕತ್ತೆಗಿಂತ ಮೇಲು, ಇದು ಒದೆಯಲ್ಲ, ಗಂಡನ ಥರ ಹೊಗಳಿಕೆನೂ ಕೇಳಲ್ಲ" ಅಂದೆ. ಆಮೇಲೆ ಒಬ್ಬೊಬ್ಬರೇ ಬಂದು ಹತ್ತಿ ಕೂತು ನೋಡಿದರು.

ಮುಂಜಾನೆ ನಾಡಿ ಎಣಿಸುತ್ತಿದ್ದೇನೆ. ಬಾರ್ಲಿ ರೊಟ್ಟಿ, ಬೆಣ್ಣೆ, ಮಜ್ಜಿಗೆ. ಮೊದಲು ಕೆಳಗಿನ ರಸ್ತೆಯಲ್ಲಿ ಹೋದೆ, ಕಲ್ಲು ತುಂಬಿದ ಲಾರಿಗಳು ಬದಿಗೆ ತಳ್ಳಿದವು. ಈಗ ನೀವು ಹೇಳಿದಂತೆ ಮೇಲೆ ಹೋಗುತ್ತೇನೆ. ದಾರಿ ಚೆನ್ನಾಗಿದೆ.

ಅಗ್ದಾಲ್ ಜೂನ್ ಇಪ್ಪತ್ತೆಂಟಕ್ಕೇ. ಅದು ಯಾವತ್ತು ಬದಲಾಗಿದೆ? ಈ ವರ್ಷ ಕಾವಲು ಅಪ್ಪನಿಗೆ ಬಂದಿದೆ. ಸಭೆಯವರು ಕೋಲು ಕೊಟ್ಟ ದಿನದಿಂದ ಅಪ್ಪನ ನಡಿಗೆಯೇ ಬೇರೆ. ಕಳೆದ ವಾರ ತಮ್ಮ ಸ್ವಂತ ಅಕ್ಕನ ಮೇಕೆಯನ್ನೇ ಹಿಡಿದು ಕಟ್ಟಿದರು. ಅತ್ತೆ ಮನೆಗೆ ಬಂದು, "ಅದ್ದಿ, ನಿನ್ನ ಎತ್ತಿ ಆಡ್ಸಿದ್ದು ನಾನು ಕಣೋ" ಅಂದರೆ ಅಪ್ಪ, "ನೀನು ಎತ್ತಿದ್ದು ನನ್ನ. ಬಾಯಿ ಹಾಕಿದ್ದು ಮೇಕೆ" ಅಂದರು. ದಂಡದ ಹಿಟ್ಟು ಕೊಟ್ಟ ಮೇಲೇ ಮೇಕೆ ಬಿಟ್ಟದ್ದು.

ಇಜ್ಜಾ


ಮರ್ರಾಕೆಶ್
೨ ಜೂನ್

ಮಗಳೇ,

ಕಾಗದ ಓದಿ ಸಂತೋಷವಾಯಿತು, ಆಮೇಲೆ ಇನ್ನೊಂದು ಸಲ ಓದಿದೆ, ಸಂತೋಷ ಸ್ವಲ್ಪ ಕಡಿಮೆಯಾಯಿತು. "ದಾರಿ ಚೆನ್ನಾಗಿದೆ" ಎಂದು ಬರೆದಿದ್ದೀ. ನಾನು ಹುಟ್ಟಿದ ಊರಿನಲ್ಲಿ ಚೆನ್ನಾಗಿರುವ ದಾರಿ ಯಾವುದು? ಸರಕಾರ ಹೊಸದಾಗಿ ಕಡಿಸಿತೋ? ಎಷ್ಟು ಹೊತ್ತು ಹತ್ತುತ್ತೀ, ಇಳಿಯುವಾಗ ಕೈ ನಡುಗುತ್ತದೆಯೇ, ಕುಡಿಯುವ ನೀರು ಎಲ್ಲಿ ತುಂಬಿಕೊಳ್ಳುತ್ತೀ? ನಾನು ಸೈಕಲ್ ರಿಪೇರಿ ಮಾಡಿ ಬದುಕಿದವನು. ಎಲ್ಲೋ ಕಿರ್ರೆಂದರೆ ಸಾಕು, ಇಡೀ ಗಾಡಿ ಬಿಚ್ಚಿ ನೋಡದೆ ಕೈ ತೊಳೆಯುವವನಲ್ಲ.

ಇಲ್ಲಿ ಲಮ್ಯಾ ಬಂದಿದ್ದಳು, ಬ್ರೇಕಿನ ತಂತಿ ಹಾಕಿಸಿಕೊಳ್ಳಲು. ಕಾಲು ನೋಡಿದೆ. ನೋಡಬೇಕಾದ ರೀತಿಯಲ್ಲೇ ನೋಡಿದೆ, ನನ್ನ ಮನೆಯವಳಿಗೆ ಬರೆಯಬೇಡ. ಮಿನಾರಿನ ಕಂಬದಂತಿವೆ. "ಸೀ ಬೂಜ್ಮಾ, ಬೆಟ್ಟದ ಹುಡುಗಿ ಒಬ್ಬಳು ಬರ್ತಾಳಂತೆ, ನಿಜಾನಾ?" ಎಂದು ಮರ್ಯಾದೆಯ "ಸೀ" ಹಚ್ಚಿಯೇ ಕೇಳಿದಳು. "ಬರ್ತಾಳೆ. ಬಂದಾಗ ಬೆನ್ನು ಮಾತ್ರ ಕಾಣ್ಸುತ್ತೆ, ಮುಖ ನೋಡ್ಬೇಕಂದ್ರೆ ಈಗ್ಲೇ ಊರಿಗೆ ಹೋಗಿ ನೋಡ್ಕೊಂಡು ಬಾ" ಎಂದೆ. ಅವಳು ಹೊರಟ ಮೇಲೆ ಎರಡು ಲೋಟ ನೀರು ಕುಡಿದೆ.

ನಿನಗೊಂದು ಸಿಹಿಸುದ್ದಿ ಕಟ್ಟಿಟ್ಟಿದ್ದೇನೆ. ಈಗ ಹೇಳುವುದಿಲ್ಲ. ಹೇಳಿದರೆ ನೀನು ರಾತ್ರಿಯಿಡೀ ಅದನ್ನೇ ಮೆಲುಕು ಹಾಕುತ್ತೀ, ನಿದ್ದೆ ಕೆಡುತ್ತದೆ. ಅದ್ದಿ ಭಾವನಿಗೆ ನನ್ನ ಸಲಾಮು. ಕೋಲು ಹಿಡಿದ ಕೈಗೆ ದೂರದಿಂದಲೇ.

ಬೂಜ್ಮಾ


ಇಮಿಂತಾಲಾ
೧೧ ಜೂನ್

ಮಾವ,

ಚೆನ್ನಾಗಿದ್ದೇನೆ. ಮೊಣಕೈ ಸ್ವಲ್ಪ ತರಚಿದೆ. ಈಗ ಸಂಜೆ ಹೊತ್ತು ಹೋಗುತ್ತಿದ್ದೇನೆ, ಅಪ್ಪ ಊಟಕ್ಕೆ ಇಳಿದು ಬರುವ ಹೊತ್ತಿಗೆ.

ನಿಮ್ಮ ಅಂಗಡಿಯಲ್ಲಿ ಹಲ್ಲಿಲ್ಲದ ಟೈರು ಇದ್ದರೆ ಕಳಿಸುತ್ತೀರಾ? ಪೂರ್ತಿ ನುಣುಪಾಗಿರುವುದು. ಬೇಗ ಬೇಕು. ಹಳೆಯದಾದರೂ ಸರಿ.

ಮೂರು ದಿನ ಮಳೆ ಬಿದ್ದು ಮೇಲೆಲ್ಲ ನೆಲ ಮೆತ್ತಗಾಗಿದೆ. ಅಪ್ಪ ಎರಡು ದಿನದಿಂದ ಮಾತಾಡುತ್ತಿಲ್ಲ. ನನ್ನ ಮೇಲೆ ಸಿಟ್ಟಲ್ಲ. ಮೇಲೆ ಏನೋ ಕಂಡಿದ್ದಾರಂತೆ.

ಇಜ್ಜಾ


ಮರ್ರಾಕೆಶ್
೧೬ ಜೂನ್

ಇಜ್ಜಾ,

ಹಲ್ಲಿಲ್ಲದ ಟೈರು! ಮೂರು ಸಲ ಓದಿದೆ. ನಿನಗೆ ತಲೆ ಸರಿಯಿದೆಯೇ? ನುಣುಪು ಟೈರು ಸಮತಟ್ಟಿನಲ್ಲಿ ಜೋರಾಗಿ ಓಡುತ್ತದೆ, ನಿಜ. ನಿನಗೆ ಯಾರು ಹೇಳಿಕೊಟ್ಟರೋ ಅವನ ನಾಲಿಗೆಗೆ ಎಣ್ಣೆ ಹಾಕಬೇಕು. ಕಣಿವೆಯ ಇಳಿಜಾರಿನಲ್ಲಿ, ಪುಡಿಗಲ್ಲಿನ ಮೇಲೆ, ಅದನ್ನು ಹಾಕಿಕೊಂಡು ಇಳಿದರೆ ನಿನ್ನನ್ನು ಚಾಪೆಯಲ್ಲಿ ಸುತ್ತಿ ತರಬೇಕಾಗುತ್ತದೆ. ಕಳಿಸುವುದಿಲ್ಲ. ಬೇಕಾದರೆ ಇನ್ನೂ ದೊಡ್ಡ ಹಲ್ಲಿನದು ಕಳಿಸುತ್ತೇನೆ.

ಮೊಣಕೈ "ಸ್ವಲ್ಪ" ತರಚಿದೆ ಎನ್ನುತ್ತೀ. ಸಂಜೆ ಹೊತ್ತು ಹೋಗುತ್ತೀ ಎನ್ನುತ್ತೀ, ಅದೂ ಅಪ್ಪ ಮೇಲಿನಿಂದ ಇಳಿದ ಮೇಲೆ. ಕಾಗದ ಬರಬರುತ್ತ ತೆಳ್ಳಗಾಗುತ್ತಿದೆ. ನಾನೇನು ದಡ್ಡನೇ? ಹುಡುಗನೇ ವಿಷಯವಾದರೆ ಹೇಳಿಬಿಡು. ಓಟ ಮುಗಿಯುವ ತನಕ ಅವನನ್ನು ನಿಲ್ಲಿಸಿಡು, ಮುಗಿದ ಮೇಲೆ ನಾನೇ ಪದ್ಧತಿಯ ಸಕ್ಕರೆ ಗೋಪುರ ಹೊತ್ತುಕೊಂಡು ಮದುವೆಯ ಮಾತಾಡಲು ಬರುತ್ತೇನೆ. ಮಂಡಿಯ ವಿಷಯವಾದರೆ ಇನ್ನೂ ಬೇಗ ಹೇಳು. ಹುಡುಗ ಕಾಯುತ್ತಾನೆ, ಮಂಡಿ ಕಾಯುವುದಿಲ್ಲ.

ಸರಿ, ಗಂಟು ಬಿಚ್ಚುತ್ತೇನೆ. ಇಷ್ಟು ಆತಂಕದಲ್ಲಿ ಸಿಹಿಯನ್ನು ಇಟ್ಟುಕೊಂಡಿರುವುದೇ ಕಷ್ಟ. ಓಟದ ದಾರಿ ಈ ವರ್ಷ ನಮ್ಮ ಅಗ್ದಾಲಿನ ಮೇಲೆ ಹಾಯುತ್ತದೆ! ಆಯೋಜಕರು ಮೂರನೆಯ ಕಣಿವೆಗೆ ಒಳ್ಳೆಯ ದಾರಿಯಿಲ್ಲವೆಂದು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ನಕ್ಷೆಯ ಮೇಲೆ ಬೆರಳಿಟ್ಟೆ. "ಆ ಊರಿನವರ ಒಪ್ಪಿಗೆ?" ಎಂದರು. "ಆ ಊರಿನ ಮಗ ನಾನೇ ನಿಮ್ಮ ಮುಂದೆ ಕೂತಿದ್ದೀನಲ್ಲ" ಎಂದೆ. ಅಗ್ದಾಲ್ ತೆರೆದು ವಾರವಾಗಿರುತ್ತದೆ, ಡೇರೆ ಹಾಕಿರುತ್ತಾರೆ, ಹೆಂಗಸರು ನಾಲಿಗೆ ಹೊರಳಿಸಿ ಕೂಗು ಹಾಕುತ್ತಾರೆ, ನಿನ್ನ ಜನರ ನಡುವೆ ನೀನು ಮುಂದೆ ಮುಂದೆ ಹಾಯುತ್ತೀ, ಲಮ್ಯಾ ನಿನ್ನ ಧೂಳು ತಿನ್ನುತ್ತಾಳೆ. ಈ ವಾರ ಆಯೋಜಕರ ಆಳುಗಳು ದಾರಿಗೆ ಕೆಂಪು ರಿಬ್ಬನ್ ಕಟ್ಟಲು ಬರುತ್ತಾರೆ. ಚಹಾ ಕೊಡಿ.

ಬೂಜ್ಮಾ


ಇಮಿಂತಾಲಾ
೨೦ ಜೂನ್

ಮಾವ,

ಯಾವ ಜೂನು?

ನೀವು ಮೇ ತಿಂಗಳಲ್ಲಿ ಕೇಳಿದಾಗ ನಾನು ಯೋಚಿಸಲಿಲ್ಲ. ಕಾಗದಕ್ಕೆ ನಾನು ಶಾಲೆಯಲ್ಲಿ ಕಲಿತ ತಾರೀಖು ಹಾಕುತ್ತೇನೆ. ಆದರೆ ಕುರಿಗೆ, ಹೊಲಕ್ಕೆ, ಹುಲ್ಲಿಗೆ ಇಲ್ಲಿ ನಡೆಯುವುದು ರೈತರ ಹಳೆಯ ಲೆಕ್ಕ. ಅದು ಕಚೇರಿಯ ಕ್ಯಾಲೆಂಡರಿಗಿಂತ ಹದಿಮೂರು ದಿನ ಹಿಂದೆ. ನಮ್ಮ ಜೂನ್ ಇಪ್ಪತ್ತೆಂಟು ನಿಮ್ಮ ಅಂಗಡಿಯ ಗೋಡೆಯ ಮೇಲೆ ಜುಲೈ ಹನ್ನೊಂದು. ನಿಮ್ಮ ಓಟ ಬರುವ ದಿನ ಅಗ್ದಾಲ್ ಇನ್ನೂ ಮುಚ್ಚಿರುತ್ತದೆ. ಡೇರೆಯೂ ಇಲ್ಲ, ಕೂಗೂ ಇಲ್ಲ. ಹುಲ್ಲು ಮತ್ತು ಅಪ್ಪ, ಅಷ್ಟೆ.

ರಿಬ್ಬನ್ ಕಟ್ಟುವವರು ಮೊನ್ನೆ ಬಂದರು. ಅಪ್ಪ ಅವರನ್ನು ಅಗ್ದಾಲಿನ ಅಂಚಿನಲ್ಲೇ ತಡೆದು, ಕಟ್ಟಿದ್ದನ್ನೆಲ್ಲ ಅವರ ಕೈಯಲ್ಲೇ ಬಿಚ್ಚಿಸಿ, ನೀವು ಹೇಳಿದ ಚಹಾವನ್ನೂ ಕುಡಿಸಿ ಕಳಿಸಿದರು. ಹೋಗುವಾಗ ಅವರು, "ಬೂಜ್ಮಾ ಒಪ್ಪಿಗೆ ಕೊಟ್ಟಿದ್ದಾರೆ" ಅಂದುಬಿಟ್ಟರು.

ನಿನ್ನೆ ಸಭೆ ಸೇರಿತು. ಈಗ ನಿಮಗೆ ಹೇಳದೆ ಬಚ್ಚಿಟ್ಟದ್ದನ್ನು ಹೇಳಬೇಕು. ನಾನು ಅಭ್ಯಾಸ ಮಾಡಿದ್ದು ಅಗ್ದಾಲಿನ ಒಳಗೆ. ಮೊದಲ ವಾರದಿಂದ. ಬೇರೆಲ್ಲೂ ಅಷ್ಟು ಉದ್ದ ಕಾಲು ಬಿಡಿಸಿ ತುಳಿಯುವ ಜಾಗವಿಲ್ಲ. ಸೈಕಲ್ಲಿಗೆ ಬಾಯಿಲ್ಲ, ಹುಲ್ಲು ತಿನ್ನುವುದಿಲ್ಲ, ಅದರಿಂದ ಯಾರಿಗೇನು ಎಂದು ನನಗೆ ನಾನೇ ಹೇಳಿಕೊಂಡೆ. ಮಳೆ ಬಂದ ಮೇಲೆ ಗಾಲಿಯ ಗುರುತು ಕೆಸರಿನಲ್ಲಿ ಉಳಿಯಿತು. ಅದಕ್ಕೇ ನುಣುಪು ಟೈರು ಕೇಳಿದ್ದು.

ಸಭೆಯಲ್ಲಿ ಅಪ್ಪ ಆ ಗುರುತಿನ ಮಾತು ಎತ್ತಿದರು. ಹಮ್ಮೂ ತಾತ ಹೋಗಿ ನೋಡಿಕೊಂಡು ಬಂದಿದ್ದರು. "ಹಾವೇನೋ ಅಂದ್ಕೊಂಡೆ. ಆದ್ರೆ ಹಾವಿಗೆ ಹಲ್ಲು ಬಾಯಲ್ಲಿರ್ತದೆ, ಹೊಟ್ಟೇಲಲ್ಲ" ಅಂದರು. ಯಾರೋ ನಕ್ಕರು. "ನಗಬೇಡ್ರೋ. ಬೂಜ್ಮಾನ ಆಳುಗಳು ತಿಂಗಳಿಂದ ಕದ್ದು ಬಂದು ಅಳೀತಿದ್ದಾರೆ. ಕೇಳ್ದೆ ಮಾತು ಕೊಟ್ಟೋನಿಗೆ ಕೇಳ್ದೆ ನುಗ್ಗೋದೇನು ದೊಡ್ಡದು?" ಅಂದರು. ಎಲ್ಲರೂ ಹೌದು ಹೌದು ಅಂದರು. ಓಟ ಅಂಚು ದಾಟಬಾರದು, ಬೂಜ್ಮಾನ ಹೆಸರು ಹೇಳಿಕೊಂಡು ಬಂದವರು ಯಾರೂ ಈ ಊರಿನಲ್ಲಿ ಉಪ್ಪು ತಿನ್ನಬಾರದು ಎಂದು ತೀರ್ಮಾನವಾಯಿತು. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಅಪ್ಪ ತಲೆ ಎತ್ತಲಿಲ್ಲ. ಅವರಿಗೆ ಅನುಮಾನವಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಏನು ಮಾಡಲಿ? ಬೇಗ ಬರೆಯಿರಿ.

ಇಜ್ಜಾ


ಮರ್ರಾಕೆಶ್
೨೪ ಜೂನ್

ಇಜ್ಜಾ,

ನಾನು ಒಂಬತ್ತನೆಯ ವಯಸ್ಸಿಗೆ ಊರು ಬಿಟ್ಟೆ. ಲೋಕದಲ್ಲಿ ಎರಡು ಜೂನುಗಳಿವೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಪಟ್ಟಣಕ್ಕೆ ಬಂದ ಮೇಲೆ ಗೋಡೆಯ ಮೇಲಿದ್ದದ್ದೇ ಜೂನು. ಅಪ್ಪನ ಭುಜದ ಮೇಲೆ ಕೂತು ಅಗ್ದಾಲಿಗೆ ಹೋದ ದಿನವನ್ನು ನಲವತ್ತು ವರ್ಷ ತಪ್ಪು ತಾರೀಖಿನಲ್ಲಿ ನೆನೆಯುತ್ತ ಬಂದಿದ್ದೇನೆ.

ಈಗ ನನ್ನ ಮಾತು ಕೇಳು. ಬಾಯಿ ಮುಚ್ಚಿಕೊಂಡಿರು. ಗುರುತು ನನ್ನ ಆಳುಗಳದ್ದು ಎಂದು ಅವರು ನಂಬಿದ್ದಾರೆ, ನಂಬಲಿ. ನಾನು ಇಷ್ಟು ದೂರದಲ್ಲಿದ್ದೇನೆ, ಬೈಗುಳ ಇಲ್ಲಿಯವರೆಗೆ ಬರುವಷ್ಟರಲ್ಲಿ ಸವೆದಿರುತ್ತದೆ. ನೀನು ಒಪ್ಪಿಕೊಂಡರೆ ಏನಾಗುತ್ತದೆಂದು ನನಗೆ ಗೊತ್ತು: ಒಳಗೆ ನುಗ್ಗಿದವರು ತೆರೆಯುವ ದಿನದವರೆಗೆ ಅಂಚಿನೊಳಗೆ ಕಾಲಿಡುವಂತಿಲ್ಲ. ನಡೆದೂ ಇಲ್ಲ, ಹತ್ತಿಯೂ ಇಲ್ಲ. ಓಟದ ದಾರಿ ಅದೇ ಹುಲ್ಲಿನ ಮೇಲಿದೆ. ನಿನ್ನ ಓಟ ಅಲ್ಲಿಗೆ ಮುಗಿಯಿತು.

ಸಭೆಗೆ ಸಕ್ಕರೆ ಗೋಪುರ, ಎರಡು ಕುರಿ, ಕ್ಷಮೆ ಎಲ್ಲ ಉನಾಸರನ ವ್ಯಾನಿನಲ್ಲೇ ಕಳಿಸುತ್ತಿದ್ದೇನೆ. ಓಟಗಾರರು ಸೈಕಲ್ ಹತ್ತದೆ ನಡೆದು ದಾಟಬಹುದೇ ಎಂದು ಕೇಳಿಸಿದ್ದೇನೆ. ನಾನೇ ಬರುತ್ತಿದ್ದೆ, ಬಂದರೆ ಊರಿನ ಅಂಚಿನಲ್ಲೇ ತಡೆಯುತ್ತಾರೆ.

ನೀನು ಮಾತ್ರ ಸುಮ್ಮನಿರು. ಇದೊಂದು ಸಲ ಮಾವನ ಮಾತು ಕೇಳು.

ಬೂಜ್ಮಾ


ಇಮಿಂತಾಲಾ
೨೪ ಜೂನ್

ಮಾವ,

ನಿಮ್ಮ ಉತ್ತರಕ್ಕೆ ಕಾಯಲಾಗಲಿಲ್ಲ. ಇಂದು ಮತ್ತೆ ಸಭೆ ಸೇರಿತ್ತು, ನಿಮ್ಮ ಹೆಸರನ್ನು ಶುಕ್ರವಾರ ಮಸೀದಿಯ ಮುಂದೆ ಕೂಗಿಸಬೇಕೆಂದು. ನಾನು ಸೈಕಲ್ ತಳ್ಳಿಕೊಂಡು ಒಳಗೆ ಹೋದೆ.

"ಹೆಣ್ಣುಮಗು ಸಭೆಗ್ಯಾಕೆ?" ಅಂದರು ಹಮ್ಮೂ ತಾತ. ನಾನು ಎಲ್ಲರನ್ನೂ ಹೊರಗೆ ಕರೆದೆ. ಒದ್ದೆ ಮಣ್ಣಿನಲ್ಲಿ ಗಾಲಿ ಉರುಳಿಸಿ ತೋರಿಸಿದೆ. ತಾತ ಬಗ್ಗಿ, ಬೆರಳು ಹಾಕಿ ಅಳೆದರು. "ಇವ್ಳೇ ಕಣ್ರಪ್ಪ ಹಾವು" ಅಂದರು. ಈ ಸಲ ಯಾರೂ ನಗಲಿಲ್ಲ.

"ಮಾವ ತಾರೀಖು ತಪ್ಪಿದ್ದು ನಿಜ, ಕೇಳದೆ ಮಾತು ಕೊಟ್ಟದ್ದೂ ನಿಜ. ಕದ್ದು ನುಗ್ಗಿದ್ದು ಅವರಲ್ಲ" ಎಂದೆ. ಆಮೇಲೆ ಜಗಳ ನನ್ನ ಮೇಲಲ್ಲ, ಸೈಕಲ್ಲಿನ ಮೇಲೆ. ಒಬ್ಬರು, "ಅದು ಮೇಯಲ್ಲ, ತಪ್ಪೆಲ್ಲಿ?" ಅಂದರು. ಇನ್ನೊಬ್ಬರು, "ಮೇಯದಿದ್ರೇನು, ತುಳೀತದಲ್ಲ. ತುಳಿಯೋದೆಲ್ಲ ಗೊರಸೇ." "ಹಾಗಾದ್ರೆ ನಿನ್ನ ಕಾಲೂ ಗೊರಸೇನಯ್ಯ?" "ನನ್ನ ಕಾಲಿಗೆ ಅವ್ವ ಇದ್ದಾಳೆ, ಅದಕ್ಕಿದ್ದಾಳಾ?" ಹೀಗೆ ಬಹಳ ಹೊತ್ತು. ಕೊನೆಗೆ ತುಳಿಯುವುದೆಲ್ಲ ಗೊರಸು ಎಂದಾಯಿತು. ಬೆನ್ನ ಮೇಲೆ ಹೊತ್ತರೆ ಅದು ಹೊರೆ, ಹೊರೆ ಹೊತ್ತ ದಾರಿಹೋಕರನ್ನು ತಡೆಯುವ ಪದ್ಧತಿಯಿಲ್ಲ ಎಂದೂ ಆಯಿತು. ಆದ್ದರಿಂದ ನಿಮ್ಮ ಓಟಗಾರರು ಅಂಚಿನಿಂದ ಅಂಚಿಗೆ ಸೈಕಲ್ ಹೊತ್ತು ನಡೆಯಬಹುದು. ನಿಮ್ಮ ಹೆಸರು ಕೂಗುವುದಿಲ್ಲ.

ನನ್ನ ತೀರ್ಪು ಹೇಳಬೇಕಾದವರು ಕಾವಲುಗಾರ. ಅಪ್ಪ ಎದ್ದು ನಿಂತರು. ಬೇರೆಯವರ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದರು. ತೆರೆಯುವ ದಿನದವರೆಗೆ ಕಾಲಿಡಬಾರದು. ಅಲ್ಲಿಯವರೆಗೆ ಅಂಚಿನಲ್ಲಿ ಕಾವಲು ನಿಲ್ಲಬೇಕು. ತೆರೆದ ದಿನ ಎಲ್ಲರ ಕೊನೆಗೆ ಒಳಗೆ ಬರಬೇಕು. ಹೇಳಿ ಮುಗಿಸಿ ಕೂತಾಗ ಕೋಲು ಕೈಯಿಂದ ಜಾರಿ ಬಿತ್ತು.

ಓಟ ಹೋಯಿತು, ನನಗೆ ಗೊತ್ತು. ಬೈಯಿರಿ.

ಇಜ್ಜಾ


ಮರ್ರಾಕೆಶ್
೨೯ ಜೂನ್

ಇಜ್ಜಾ,

ಕಾಗದಗಳು ದಾರಿಯಲ್ಲಿ ಒಂದನ್ನೊಂದು ಹಾದು ಹೋಗಿವೆ. ಉನಾಸರನನ್ನು ಬೈಯಲೂ ಕಾರಣವಿಲ್ಲ.

ನನ್ನನ್ನು ಉಳಿಸು ಎಂದು ನಿನ್ನನ್ನು ಯಾರು ಕೇಳಿದ್ದರು? ನನ್ನ ಹೆಸರು ನಾನೇ ಕಟ್ಟಿಕೊಂಡದ್ದು, ಕೆಡಿಸಿಕೊಳ್ಳುವ ಹಕ್ಕೂ ನನ್ನದೇ. ಅದನ್ನು ಅಡವಿಟ್ಟು ನಿನಗೊಂದು ದಾರಿ ಮಾಡಿಕೊಟ್ಟಿದ್ದೆ, ನೀನು ಬಿಡಿಸಿ ತಂದು ನನ್ನ ಕೈಗೇ ಕೊಟ್ಟೆ. ನಾನು ಇದನ್ನಿಟ್ಟುಕೊಂಡು ಏನು ಮಾಡಲಿ?

ಆಯೋಜಕರ ಬಳಿ ಹೋಗಿದ್ದೆ. ಹೊತ್ತು ನಡೆಯಲು ಒಪ್ಪಿದರು. ಇಜ್ಜಾ ಒಬ್ಬಳನ್ನು ಕೆಳಗಿನ ಕೊರಕಲಿನಿಂದ ಸುತ್ತಿಸಿ ಬಿಡಿ, ದೂರ ಜಾಸ್ತಿಯೇ ಆಗುತ್ತದೆ, ಅವಳಿಗೇ ನಷ್ಟ ಎಂದೆ. "ಎಲ್ಲರಿಗೂ ಒಂದೇ ದಾರಿ, ಸೀ ಬೂಜ್ಮಾ" ಎಂದರು. ಅವರು ಹೇಳಿದ್ದು ಸರಿ. ಅದೇ ನನಗೆ ತಡೆಯಲಾಗದ್ದು.

ನಿನ್ನ ನಂಬರಿನ ಬಟ್ಟೆ ಬಂದಿದೆ. ಮೇಜಿನ ಮೇಲಿದೆ. ಹೆಸರು ಹೊಡೆದುಹಾಕಲು ಇನ್ನೂ ಹೇಳಿಲ್ಲ.

ಬೂಜ್ಮಾ


ಸಂತೆಯೂರು
೬ ಜುಲೈ

ಇಜ್ಜಾ,

ಓಟ ಮುಗಿಯಿತು. ಇಲ್ಲೇ ಅಂಚೆಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಟ್ಟ ಎದುರಿಗೇ ಇದೆ. ಮೇಲೆ ಬರಲು ಮುಖವಿಲ್ಲ.

ಹೊರಡುವ ಮುಂಚೆ ಗಂಟಲು ಹರಿಯುವಂತೆ ಕೂಗಿ ಹೇಳಿದ್ದೆ: "ಮೇಲೆ ಅಂಚಿನಲ್ಲಿ ಒಬ್ಬ ಹುಡುಗಿ ನಿಂತಿರ್ತಾಳೆ. ಅವಳು ಇಳಿ ಅಂದ್ರೆ ಇಳೀಬೇಕು. ವಾದ ಮಾಡಿದ್ರೆ ನಿಮ್ಮ ಸೈಕಲ್ ಇನ್ನು ನನ್ನ ಅಂಗಡಿ ಬಾಗಿಲು ದಾಟಲ್ಲ." ವಾಪಸು ಬಂದವರೆಲ್ಲ ನಿನ್ನ ಸುದ್ದಿಯೇ. ಒಬ್ಬ ಸ್ಪೇನಿನವನ ಆಸನ ಹಿಡಿದು ಎಳೆದು ನಿಲ್ಲಿಸಿದೆಯಂತೆ. ಅವನ ಭಾಷೆಯಲ್ಲಿ ಅವನು, ನಿನ್ನ ಭಾಷೆಯಲ್ಲಿ ನೀನು, ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತಂತೆ.

ಲಮ್ಯಾ ಮೊದಲು ಬಂದಳು. ಐದು ಗಂಟೆ ಐವತ್ತು ನಿಮಿಷ ತೆಗೆದುಕೊಂಡಳು. ಅಗ್ದಾಲಿನಲ್ಲಿ ಅವಳ ಬೂಟಿನ ಅಡಿ ಜಾರುತ್ತಿತ್ತಂತೆ, ಎರಡು ಸಲ ಬಿದ್ದಳಂತೆ. "ಸೀ ಬೂಜ್ಮಾ, ನಿಮ್ಮ ಹುಡುಗಿ ನನಗೆ ಸೈಕಲ್ ಹೆಗಲ ಮೇಲೆ ಕೂರ್ಸೋದು ಹೇಗೆ ಅಂತ ತೋರ್ಸಿಕೊಟ್ಟಳು. ಅವಳೇ ಬಂದಿದ್ರೆ ನಾನು ಗೆಲ್ತಿದ್ನಾ?" ಎಂದಳು. ಅಭಿನಂದನೆ ಹೇಳಿದೆ.

ನೀನು ಗೆಲ್ಲುತ್ತಿದ್ದೆ. ಹುಟ್ಟಿದಾಗಿನಿಂದ ಹುಲ್ಲಿನ ಹೊರೆ ಹೊತ್ತವಳು ನೀನು. ನಿಮಿಷಗಳನ್ನು ಕೂಡಿಸಿ ಕಳೆದು ನೋಡಿದೆ, ಯಾವ ಕಡೆಯಿಂದ ಎಣಿಸಿದರೂ ಗೆಲ್ಲುತ್ತಿದ್ದೆ. ಒಂದು ತಾರೀಖು ಸರಿಯಾಗಿ ವಿಚಾರಿಸಿದ್ದರೆ ತಂಡದಲ್ಲಿ ಆ ಜಾಗ ನಿನ್ನದಾಗಿರುತ್ತಿತ್ತು. ಕಣ್ಣು ಮುಚ್ಚಿದರೆ ಅದೇ ಲೆಕ್ಕ.

ಬೂಜ್ಮಾ


ಇಮಿಂತಾಲಾ
೧೩ ಜುಲೈ

ಮಾವ,

ನಿಮ್ಮ ಲೆಕ್ಕ ತಪ್ಪು. ಸವಾರಿ ಮಾಡಿ ನೋಡಿ ಹೇಳುತ್ತಿದ್ದೇನೆ.

ಮೊನ್ನೆ ಅಗ್ದಾಲ್ ತೆರೆಯಿತು. ನಿನ್ನೆ ನಸುಕಿನಲ್ಲಿ ಉನಾಸರನ ವ್ಯಾನಿನಲ್ಲಿ ಸಂತೆಯೂರಿಗೆ ಇಳಿದು, ಅಲ್ಲಿಂದ ಓಟದ ದಾರಿಯನ್ನು ಪೂರ್ತಿ, ಮೂರೂ ಕಣಿವೆ, ಒಬ್ಬಳೇ ತುಳಿದೆ. ಉನಾಸರ್ ತನ್ನ ಕೈಗಡಿಯಾರ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು ಅಂಚೆಮನೆಯ ಮುಂದೆ ಕೂತಿ‍ದ್ದ. ಬೇಕಿದ್ದರೆ ಅವನನ್ನೇ ಕೇಳಿ. ಅವನ ಲೆಕ್ಕದಲ್ಲಿ ಲಮ್ಯಾಳ ಹೊತ್ತು ಮುಗಿದಾಗ ನಾನಿನ್ನೂ ಕೊನೆಯ ಇಳಿಜಾರಿನ ಮೇಲಿದ್ದೆ, ಕೆಳಗೆ ಸಂತೆಯೂರಿನ ಸೂರುಗಳು ಕಾಣುತ್ತಿದ್ದವು, ಅಷ್ಟೆ. ಎರಡನೆಯ ಕಣಿವೆಯಲ್ಲಿ ಕಾಲು ಕಟ್ಟಿಕೊಂಡಿತು. ಅವಳು ನನಗಿಂತ ಗಟ್ಟಿ ಮಾವ. ನಾನು ಆ ದಿನ ಬಂದಿದ್ದರೆ ಹೂಗುಚ್ಛ ಹಿಡಿದು ನಿಂತಿರುತ್ತಿದ್ದೆ. ಇನ್ನು ಮಲಗಿ.

ಅಗ್ದಾಲನ್ನು ಹತ್ತಿಕೊಂಡೇ ದಾಟಿರಬೇಕು, ಹೋಲಿಕೆ ಸರಿಯಿಲ್ಲ ಎಂದು ನೀವು ವಾದ ಹೂಡುವ ಮುಂಚೆ ಹೇಳುತ್ತೇನೆ, ಹಾಗಲ್ಲ. ಅಂಚಿಗೆ ಬಂದಾಗ ಇಳಿದೆ. ಒಳಗೆಲ್ಲ ಕುರಿಗಳು, ಡೇರೆಗಳು, ಹೊಗೆ. ಅಪ್ಪ ನಮ್ಮ ಮಂದೆಯ ಹತ್ತಿರ ನಿಂತಿದ್ದರು. ತೀರ್ಪಿನ ದಿನದಿಂದ ನನ್ನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಅಂಚಿನಲ್ಲಿ ಜೊತೆಗೆ ಕಾವಲು ನಿಂತಾಗಲೂ ರೊಟ್ಟಿಯ ಅರ್ಧ ಮುರಿದು ಕಲ್ಲಿನ ಮೇಲಿಟ್ಟು ಹೋಗುತ್ತಿದ್ದರು, ಅಷ್ಟೆ. ನಾನು ಸೈಕಲ್ ಎತ್ತಿ ಹೆಗಲಿಗೇರಿಸುವುದನ್ನು ನೋಡಿದರು.

"ತೆರೆದೈತಲ್ಲೇ. ಹತ್ಕೊಂಡು ಹೋಗು, ಯಾರೂ ಏನೂ ಅನ್ನಲ್ಲ" ಅಂದರು.

"ಗೆದ್ದವಳು ಹೊತ್ಕೊಂಡು ಹೋದಳಪ್ಪ" ಅಂದೆ.

ಡೇರೆಗಳಿಂದ ಜನ ಹೊರಗೆ ಬಂದು ನಗತೊಡಗಿದರು. "ಅಯ್ಯೋ, ಕಬ್ಬಿಣಕ್ಕೆ ಕಾಲು ನೋವಂತೆ, ಎತ್ಕೊಂಡು ಹೊಂಟವಳೆ!" ಅಂತ ಯಾರೋ. ಎದುರಿಗೆ ದಾರಿಯೇ ಇರಲಿಲ್ಲ, ಊರಿನ ಅಷ್ಟೂ ಕುರಿ ಅಡ್ಡ ನಿಂತು ಮೇಯುತ್ತಿದ್ದವು. ಒಂದೊಂದನ್ನೂ ಮಂಡಿಯಲ್ಲಿ ತಳ್ಳಿಕೊಂಡು ಹೋಗಬೇಕಾಗಿತ್ತು.

ಆಗ ಅಪ್ಪ ಕೋಲು ಎತ್ತಿಕೊಂಡು ನನ್ನ ಮುಂದೆ ಬಂದರು. ಹೊಯ್, ಹೊಯ್ ಎಂದು ಎಡಕ್ಕೂ ಬಲಕ್ಕೂ ಬೀಸುತ್ತ, ಕುರಿಗಳನ್ನು ಸೀಳುತ್ತ, ನಮ್ಮ ಮಂದೆಯನ್ನೂ ಬೇರೆಯವರದ್ದನ್ನೂ ನೋಡದೆ ಬೈಯುತ್ತ, ನನ್ನ ಮುಂದೆ ಮುಂದೆ ಓಡಿದರು. ಪೇಟ ಬಿಚ್ಚಿ ಹೋಯಿತು, ಎತ್ತಿಕೊಳ್ಳಲು ನಿಲ್ಲಲಿಲ್ಲ. ಆಚೆಯ ಅಂಚು ಬರುವವರೆಗೂ ಓಡಿದರು.

ಇಜ್ಜಾ